ಮೂರು ಗೀರಿನ ಚಾಕು

"ಇದೂ ಅಲ್ಲ," ಎಂದ ಅಜ್ಜ.

ಆಮ್ರಪಾಲಿಗೆ ಅಳುವೇ ಬಂದಂತಾಯಿತು. ಬೆಳಿಗ್ಗೆ ಏಳಕ್ಕೆ ವಿಜಯಪುರದಲ್ಲಿ ಬಸ್ಸು ಹತ್ತಿದ್ದು. ಈಗ ಗಂಟೆ ಹನ್ನೆರಡು. ತಿಕೋಟಾದ ಸಂತೆಯಲ್ಲಿ ಇದು ನಾಲ್ಕನೆಯ ಗುಜರಿ ಅಂಗಡಿ. ನೆತ್ತಿಯ ಮೇಲೆ ಬಿಸಿಲು, ಕಾಲ ತುಂಬ ಧೂಳು, ಹೊಟ್ಟೆಯಲ್ಲಿ ಬರೀ ಚಹಾ ಮತ್ತು ಎರಡು ಟೋಸ್ಟು.

"ಅಜ್ಜಾರ, ಬರೋಬ್ಬರಿ ನೋಡ್ರಿ," ಎಂದ ಗುಜರಿಯವ. "ಹೋದ ತಿಂಗಳ ಬಂದಾಗ ಹಿಡಿಕಿ ಮ್ಯಾಲೆ ಮೂರು ಗೀರು ಇರಬೇಕು ಅಂದಿದ್ರಿ. ಮೂರು ಗೀರು ಅದಾವಲ್ರಿ!"

ಅಜ್ಜ ಚಾಕುವಿನ ಹಿಡಿಕೆಯ ಮೇಲೆ ಹೆಬ್ಬೆರಳು ಆಡಿಸಿದ. ಅವನ ಕಣ್ಣಿಗೆ ಪೊರೆ ಬಂದಿತ್ತು. ಅಕ್ಷರ ಕಾಣುತ್ತಿರಲಿಲ್ಲ. ಬೆರಳು ಮಾತ್ರ ಬಲು ಹುಷಾರು.

"ಗೀರು ಅದಾವಪಾ. ಆದ್ರ ಚುಚ್ಚತಾವು. ಇವು ನೀ ಮನ್ನೆ ಹಾಕಿದ್ದು. ಹಳೇ ಗೀರು ಚುಚ್ಚೂದಿಲ್ಲ. ಕೈ ಆಡಿ ಆಡಿ ಮೆತ್ತಗ ಆಗಿರತಾವು."

ಗುಜರಿಯವ ತಲೆ ಕೆರೆದುಕೊಂಡು ನಕ್ಕ. ಆಮ್ರಪಾಲಿಗೆ ನಗು ಬರಲಿಲ್ಲ. ಅವಳು ಅಂಗಡಿಯ ತಗಡಿನ ನೆರಳಿನಲ್ಲಿ ಹಾಗೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟಳು.

ಇದು ಒಂದು ದಿನದ ತಿರುಗಾಟವೇ? ಒಂದು ವರ್ಷದಿಂದ ಪ್ರತಿ ರವಿವಾರ ಇದೇ ಕತೆ. ಒಂದು ವಾರ ತಿಕೋಟಾ, ಒಂದು ವಾರ ಬಬಲೇಶ್ವರ, ಒಂದು ವಾರ ಸಿದ್ಧೇಶ್ವರ ಗುಡಿಯ ಹಿಂದಿನ ಹಸನಸಾಬನ ಅಂಗಡಿ. ಅಜ್ಜನಿಗೆ ಓದಿ ಹೇಳಲು ಯಾರಾದರೂ ಬೇಕು. ಅಪ್ಪನಿಗೆ ರವಿವಾರವೂ ಡ್ಯೂಟಿ, ಅವ್ವನಿಗೆ ಮನೆಯ ಕೆಲಸ. ಉಳಿದವಳು ಐದನೆಯ ಕ್ಲಾಸಿನ ಆಮ್ರಪಾಲಿ.

ಪಾಪ, ತಿರುಗಿ ತಿರುಗಿ ಅವಳೂ ಕಲಿತುಬಿಟ್ಟಿದ್ದಳು. ಇಂಗ್ಲೆಂಡಿನ ಹಳೆಯ ಮಡಚುವ ಚಾಕುವನ್ನು ದೂರದಿಂದಲೇ ಗುರುತು ಹಿಡಿಯುತ್ತಿದ್ದಳು. ಅದಕ್ಕೆ ಜ್ಯಾಕ್ ನೈಫ್ ಅನ್ನುತ್ತಾರೆ. ಮಡಚಿದರೆ 'ಟಕ್' ಎಂದು ಗಟ್ಟಿಯಾಗಿ ಮುಚ್ಚಬೇಕು. ಅಲಗಿನ ಬುಡದಲ್ಲಿ ಶೆಫೀಲ್ಡ್ ಎಂಬ ಊರಿನ ಹೆಸರು ಇರಬೇಕು. ಮಿಲಿಟರಿಯದಾದರೆ ಒಂದು ಪುಟ್ಟ ಬಾಣದ ಗುರುತು, ಡಬ್ಬಿ ತೆರೆಯುವ ಕೊಕ್ಕೆ, ಹಗ್ಗದ ಗಂಟು ಬಿಚ್ಚಲು ದಪ್ಪ ದಬ್ಬಣ, ತುದಿಗೊಂದು ಕಬ್ಬಿಣದ ರಿಂಗು. ಅಂಥವು ಸಿಕ್ಕಾಗ 'ಅದಲ್ಲ' ಎಂದು ಗೊತ್ತಾದರೂ ಅಜ್ಜನಿಗೆ ಬಿಟ್ಟು ಬರಲು ಮನಸ್ಸಾಗುತ್ತಿರಲಿಲ್ಲ. ಹೀಗೆ ಕೂಡಿ ಕೂಡಿ ಹನ್ನೊಂದು ಆಗಿದ್ದವು. ಎಲ್ಲವೂ ಮನೆಯಲ್ಲಿ ಬುದ್ಧನ ಫೋಟೊದ ಕೆಳಗೆ ಒಂದು ಬಿಸ್ಕೀಟಿನ ಡಬ್ಬಿಯಲ್ಲಿದ್ದವು.

ತಿರುಗಿ ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿದ್ದೇ ಪುಣ್ಯ. ಅಜ್ಜ ಮೊಣಕಾಲು ನೀವಿಕೊಳ್ಳುತ್ತ ಕುಳಿತ.

"ಅಜ್ಜಾ, ಸಾಕಾತು ನನಗ. ಆ ಒಂದು ಚಾಕು ಸಿಕ್ಕರ ಏನ ಮಾಡಾಂವ ನೀ?"

"ಏನ ಮಾಡ್ಲೆವಾ? ಕೈಯಾಗ ಹಿಡದು ಒಮ್ಮೆ ಮಡಚತೇನಿ. ಅಷ್ಟ."

ಆಮೇಲೆ, ನೂರು ಸಲ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದ. ಅಜ್ಜನ ಅಪ್ಪ ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರ ಸೈನ್ಯದಲ್ಲಿದ್ದ. ಮೂರು ವರ್ಷ ಮನೆಯ ಮುಖ ನೋಡಿರಲಿಲ್ಲ. ವರ್ಷಕ್ಕೊಂದು ಗೀರಿನಂತೆ ಚಾಕುವಿನ ಹಿಡಿಕೆಗೆ ಮೂರು ಗೀರು ಹಾಕಿಕೊಂಡು ತನ್ನೂರು ಕನಮಡಿಗೆ ಬಂದ. ಅಜ್ಜ ಆಮ್ರಪಾಲಿಯಷ್ಟಿದ್ದಾಗ ಹಳೆ ಕಬ್ಬಿಣಕ್ಕೆ ಬತ್ತಾಸ ಕೊಡುವವನೊಬ್ಬ ಊರಿಗೆ ಬಂದ. ಅಪ್ಪನ ಚಾಕು ಕೊಟ್ಟು ಅಜ್ಜ ಒಂದು ಬೊಗಸೆ ಬತ್ತಾಸ ತಿಂದುಬಿಟ್ಟ! ಆ ಮನುಷ್ಯ ತಿಕೋಟಾ, ಬಬಲೇಶ್ವರ ಎಂದು ಊರೂರು ತಿರುಗುವವ. ಮತ್ತೆ ಕೈಗೆ ಸಿಗಲಿಲ್ಲ.

"ನಿಮ್ಮಪ್ಪ ಹೊಡದನೇನ?" ಎಂದು ಕೇಳಿದಳು ಆಮ್ರಪಾಲಿ. ಉತ್ತರ ಅವಳಿಗೆ ಗೊತ್ತೇ ಇತ್ತು.

"ಹೊಡದಿದ್ರ ಅವತ್ತಽ ಮರತಬಿಡತಿದ್ದೆ. ಹೊಡೀಲಿಲ್ಲ, ಬೈಲಿಲ್ಲ. 'ಬತ್ತಾಸ ಛಲೋ ಇದ್ದೂವೇನಪಾ?' ಅಂತ ಕೇಳಿದ. ಅಷ್ಟಽ." ಅಜ್ಜ ಕಿಟಕಿಯ ಕಡೆ ಮುಖ ತಿರುಗಿಸಿದ.

ಶುಕ್ರವಾರ ಶಾಲೆಯಲ್ಲಿ ಖೋಖೋ ಟೀಮಿನ ಕ್ಯಾಪ್ಟನ್ ಐಶ್ವರ್ಯ ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ರವಿವಾರ ಫೈನಲ್ ಐತಿ. ನೀ ಬರತೀಯೋ ಇಲ್ಲೋ? ಪ್ರತಿ ಸಲಾನೂ ಅಜ್ಜ, ಅಜ್ಜ, ಅಜ್ಜ! ಈ ಸಲ ಬರಲಿಲ್ಲಂದ್ರ ನಿನ್ನ ಜಾಗಾದಾಗ ವಿಜಯಲಕ್ಷ್ಮೀನ್ನ ತಗೋತೀವಿ, ನೋಡು ಮತ್ತ."

ರವಿವಾರ ಬಬಲೇಶ್ವರಕ್ಕೆ ಹೋಗುವುದೆಂದು ಅಜ್ಜ ಆಗಲೇ ಹೇಳಿಬಿಟ್ಟಿದ್ದ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬರುವಾಗ ಹಸನಸಾಬ ಅಂಗಡಿಯಿಂದಲೇ ಕೂಗಿದ. "ಬಾ ಬೇಟಾ, ಇಲ್ಲಿ ಬಾ. ಒಂದು ಚಾಕು ಬಂದೈತಿ. ನಿಮ್ಮ ಅಜ್ಜಗ ತೋರಸು. ಮನಸಿಗೆ ಬಂದ್ರ ಇಟಗೊಳ್ಳಲಿ."

ಕಪ್ಪು ಹಿಡಿಕೆ, ಕೊಕ್ಕೆ, ದಬ್ಬಣ, ರಿಂಗು. ಆಮ್ರಪಾಲಿ ಅಲಗಿನ ಬುಡ ನೋಡಿದಳು. ಶೆಫೀಲ್ಡ್. ಪಕ್ಕದಲ್ಲಿ ಬಾಣ. ಮಡಚಿದಳು. ಟಕ್! ಹಿಡಿಕೆ ತಿರುವಿ ನೋಡಿದಳು. ಗೀರು ಇರಲಿಲ್ಲ.

ಎಲ್ಲಾ ಇತ್ತು, ಗೀರು ಒಂದೇ ಇರಲಿಲ್ಲ. ಥೂ!

ಮನೆಗೆ ಬಂದಾಗ ಅಜ್ಜ ಪಡಸಾಲೆಯಲ್ಲಿ ಮಲಗಿದ್ದ. ನಿದ್ದೆಯಲ್ಲೂ ಮೊಣಕಾಲು ಹಿಡಿದುಕೊಂಡೇ ಮಲಗಿದ್ದ. ಆಮ್ರಪಾಲಿ ನೋಡುತ್ತ ನಿಂತಳು. ಅಜ್ಜನಿಗೂ ಸಾಕಾಗಿದೆ, ನನಗೂ ಸಾಕಾಗಿದೆ. ಮೂರೇ ಗೀರಿನ ಮಾತು.

ಅಜ್ಜ ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿದ್ದವ. ಅವನ ಸಾಮಾನಿನ ಪೆಟ್ಟಿಗೆಯಲ್ಲಿ ಕಬ್ಬಿಣ ಉಜ್ಜುವ ಕಾನಸ ಇತ್ತು. ಅದನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಒಂದು ಗೀರು. ಎರಡು. ಮೂರು. ಗುಜರಿಯವನ ಹಾಗೆ ಸಿಕ್ಕಿಬೀಳಬಾರದಲ್ಲ! ಪಾಲೀಶ್ ಕಾಗದದಿಂದ ಉಜ್ಜಿದಳು, ಎಣ್ಣೆ ಸವರಿದಳು, ಮಣ್ಣು ಮೆತ್ತಿ ಒರೆಸಿದಳು. ತನ್ನ ಬೆರಳು ಆಡಿಸಿ ನೋಡಿದಳು. ಚುಚ್ಚಲಿಲ್ಲ. ಇಲ್ಲ, ಚುಚ್ಚಲಿಲ್ಲ ಅಂತಲೇ ಅಂದುಕೊಂಡಳು.

ಸಂಜೆ ಅಜ್ಜ ಚಹಾ ಕುಡಿದ ಮೇಲೆ ಚಾಕುವನ್ನು ಅವನ ಅಂಗೈಯಲ್ಲಿ ಇಟ್ಟಳು. "ಅಜ್ಜಾ, ಹಸನಸಾಬ ಕಾಕಾ ಕೊಟ್ಟಾನ."

ಅಜ್ಜ ರಿಂಗು ಮುಟ್ಟಿದ. ದಬ್ಬಣ ಮುಟ್ಟಿದ. ತೆರೆದು ಮಡಚಿದ. ಟಕ್. ಅವನ ಮುಖ ಒಮ್ಮೆಲೇ ಸಣ್ಣ ಹುಡುಗನ ಮುಖದ ಹಾಗಾಯಿತು. ಹೆಬ್ಬೆರಳು ಹಿಡಿಕೆಯ ಮೇಲೆ ಸರಿಯಿತು. ಒಂದನೆಯ ಗೀರಿನ ಹತ್ತಿರ ನಿಂತಿತು. ಎರಡನೆಯದಕ್ಕೆ ಹೋಯಿತು, ಮೂರನೆಯದಕ್ಕೆ ಹೋಯಿತು. ಮತ್ತೆ ಒಂದನೆಯದಕ್ಕೆ ಬಂತು.

"ಅದಽ ಹೌದಲ್ಲ, ಅಜ್ಜಾ?" ಎಂದು ಕೇಳಿದಳು ಆಮ್ರಪಾಲಿ.

ಅಜ್ಜ ಚಾಕುವನ್ನು ಅಂಗೈಯಲ್ಲಿ ಮುಚ್ಚಿಕೊಂಡ. "ನಾಳೆ ಬಬಲೇಶ್ವರಕ್ಕ ಹೋಗೂದು ಬ್ಯಾಡವಾ," ಎಂದ. "ಫೈನಲ್ ಐತಿ ಅಂತ ನಿಮ್ಮವ್ವ ಹೇಳ್ಯಾಳ. ನೀ ಆಟಕ್ಕ ಹೋಗು."

ಆಮ್ರಪಾಲಿ ಜಿಗಿದು ಐಶ್ವರ್ಯಳಿಗೆ ಫೋನ್ ಮಾಡಲು ಓಡಿದಳು.

ರವಿವಾರದ ಮ್ಯಾಚು ಏನು ಹೇಳಲಿ! ಆಮ್ರಪಾಲಿ ನಾಲ್ಕು ಜನರನ್ನು ಔಟ್ ಮಾಡಿದಳು. ಅವಳ ಟೀಮು ಗೆದ್ದಿತು. ಕೊರಳಲ್ಲಿ ಮೆಡಲು ಹಾಕಿಕೊಂಡು ಓಣಿಯ ತುಂಬ ಓಡುತ್ತಲೇ ಮನೆಗೆ ಬಂದಳು.

ಅಜ್ಜ ಕಟ್ಟೆಯ ಮೇಲೆ ಕುಳಿತಿದ್ದ. ರವಿವಾರದ ಬಿಳಿ ಅಂಗಿ ಹಾಕಿಕೊಂಡಿದ್ದ. ಎಲ್ಲಿಗೂ ಹೋಗುವುದು ಇರಲಿಲ್ಲ, ಆದರೂ ಹಾಕಿಕೊಂಡಿದ್ದ. ಅಂಗೈಯಲ್ಲಿ ಚಾಕು ಇತ್ತು. ಹೆಬ್ಬೆರಳು ಆ ಮೂರು ಗೀರುಗಳ ಮೇಲೆ ಮೆಲ್ಲಗೆ ಆಡುತ್ತಿತ್ತು.

ಹೆಜ್ಜೆ ಸಪ್ಪಳಕ್ಕೆ ಅಜ್ಜ ತಲೆ ಎತ್ತಿದ. ಸಿಟ್ಟು ಇರಲಿಲ್ಲ ಅವನ ಮುಖದಲ್ಲಿ. ದನಿಯಲ್ಲೂ ಇರಲಿಲ್ಲ.

"ಆಟ ಛಲೋ ಇತ್ತೇನವಾ?" ಎಂದ.

ಆಮ್ರಪಾಲಿ ಬಾಗಿಲಲ್ಲೇ ನಿಂತುಬಿಟ್ಟಳು. ಮೆಡಲನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಒಳಗೆ ಹೋದಳು. ಅವ್ವ ಬಡಿಸಿದ ಹೋಳಿಗೆ ಅರ್ಧವೂ ಸೇರಲಿಲ್ಲ. ಆ ವಾರ ನಿಜ ಹೇಳಬೇಕೆಂದು ಎರಡು ಸಲ ಅಜ್ಜನ ಹತ್ತಿರ ಹೋಗಿ, ನೀರು ಬೇಕೇನು ಎಂದು ಕೇಳಿ ಬಂದಳು.

ಮುಂದಿನ ರವಿವಾರ ಅವ್ವ ಎಬ್ಬಿಸುವ ಮೊದಲೇ ಆಮ್ರಪಾಲಿ ಎದ್ದಳು. ಮುಖ ತೊಳೆದು ಬಾಟಲಿಗೆ ನೀರು ತುಂಬಿಕೊಂಡಳು. ಅಜ್ಜನ ಚಪ್ಪಲಿ ಒರೆಸಿ ಕಟ್ಟೆಯ ಕೆಳಗೆ ಜೋಡಿಸಿಟ್ಟಳು. ಕೋಲು ತಂದು ಅವನ ಕೈಗೆ ಕೊಟ್ಟಳು.

"ಎಲ್ಲಿಗವಾ?" ಎಂದ ಅಜ್ಜ.

"ಬಬಲೇಶ್ವರಕ್ಕ."

"ಯಾಕ ಬೇ? ಚಾಕು ಸಿಕ್ಕೈತೆಲ್ಲಾ?"

ಆಮ್ರಪಾಲಿ ಬುದ್ಧನ ಫೋಟೊದ ಕೆಳಗಿನ ಡಬ್ಬಿ ತಂದಳು. ಅಜ್ಜನ ಕೈಯಿಂದ ಚಾಕು ತೆಗೆದುಕೊಂಡು ಹನ್ನೊಂದು ಚಾಕುಗಳ ಪಕ್ಕದಲ್ಲಿ ಇಟ್ಟಳು. ಅವಳ ಕಣ್ಣು ತುಂಬಿ ಬಂತು.

"ಇದು ಹನ್ನೆರಡನೇದು," ಎಂದಳು. "ಇದೂ ಅಲ್ಲ, ಅಜ್ಜಾ."

ಅಜ್ಜ ತಡಕಾಡಿ ಡಬ್ಬಿಯ ಮುಚ್ಚಳ ಮುಚ್ಚಿದ. ಆಮೇಲೆ ಒಂದು ಕೈ ಕೋಲಿನ ಮೇಲೆ, ಇನ್ನೊಂದು ಕೈ ಅವಳ ಹೆಗಲ ಮೇಲೆ ಇಟ್ಟು, ಮೊಣಕಾಲು ನೋವಿಗೆ ಉಸ್ಸೆಂದು ಎದ್ದು ನಿಂತ.

"ಟೋಪಿ ಹಾಕ್ಕೋ," ಎಂದ. "ಬಿಸಲ ಭಾಳ ಐತಿ."