ಹಳದಿಗಟ್ಟಿದ ಕನ್ಸೋಲ್

ಗಾಜಿನ ಕಪಾಟಿಗೆ ಹಾಕಿದ ಬೀಗ ಹಾಕಿದ ಹಾಗೇ ಇತ್ತು. ಒಳಗಿದ್ದ ಗೇಮ್ ಕನ್ಸೋಲ್ ಮಾತ್ರ ಇರಲಿಲ್ಲ.

"ಮೂವತ್ತೈದು ವರ್ಷದ್ದು ಮೇಡಂ. ಬಿಳಿ ಪ್ಲಾಸ್ಟಿಕ್ಕು, ಈಗ ಹಳದಿಗಟ್ಟಿತ್ತು. ಆ ಹಳದಿಗೆ ನಾನು ಕೈ ಹಚ್ಚಿದವನಲ್ಲ," ಎಂದು ಹಳೆ ವಿಡಿಯೋ ಆಟಗಳ ಸಂಘದ ಅಧ್ಯಕ್ಷರು ಬೋಳುತಲೆಯ ಬೆವರೊರೆಸಿಕೊಂಡರು.

ನಿವೃತ್ತ ಇನ್‌ಸ್ಪೆಕ್ಟರಮ್ಮ ಕೊಲೆ, ದರೋಡೆ ಎಂದು ಸವೆದವರು. ಆಟದ ಡಬ್ಬಕ್ಕಾಗಿ ಅರವತ್ತರ ಗಂಡಸು ಮೂಗೊರೆಸುವುದನ್ನು ನೋಡುವ ಭಾಗ್ಯ ಇದೇ ಮೊದಲು. ಸಂಘದವರು ಗೋಗರೆಯದಿದ್ದರೆ ಅಧ್ಯಕ್ಷರ ಮನೆಯ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ.

"ಯಾರ ಮೇಲೆ ಅನುಮಾನ?"

"ಅನುಮಾನ ಏನು ಬಂತು? ಇವಳೇ."

ಬಾಗಿಲ ಬಳಿ ರಿಪೇರಿ ಅಂಗಡಿಯವಳು ನಿಂತಿದ್ದಳು. ಹೋದ ವಾರ ಕನ್ಸೋಲಿನ ಧೂಳು ತೆಗೆದುಕೊಟ್ಟವಳು. ಅದಕ್ಕೆಂದು ಕೊಟ್ಟಿದ್ದ ಕಪಾಟಿನ ಎರಡನೇ ಕೀಲಿ ಇನ್ನೂ ಅವಳ ಹತ್ತಿರ ಇತ್ತು. ಅಧ್ಯಕ್ಷರ ಒಂದೇ ಮಾತಿಗೆ ಸಂಘದ ಹನ್ನೊಂದು ಮಂದಿಯೂ ಬೆಳಿಗ್ಗೆಯೇ ಅವಳ ಅಂಗಡಿಗೆ ನುಗ್ಗಿ ತಮ್ಮ ತಮ್ಮ ಯಂತ್ರ ಎತ್ತಿಕೊಂಡು ಹೋಗಿದ್ದರು. ಅವಳಿಗಿದ್ದ ಗಿರಾಕಿಗಳೆಂದರೆ ಅವರೇ.

"ಕದ್ದು ನಾನೇನು ಮಾಡ್ಲಿ ಮೇಡಂ? ಮಾರೋಕೆ ಹೋದ್ರೆ ಕೊಳ್ಳೋರೂ ಇವರೇ."

"ಬಿಳಿ ಮಾಡಿ ಮಾರ್ತಾಳೆ," ಅಧ್ಯಕ್ಷರು ಗುಡುಗಿದರು. "ಹಳದಿ ಅನ್ನೋದು ವಯಸ್ಸಿನ ಘನತೆ. ಅದನ್ನ ತೆಗೆಯೋರು ಪಾಪಿಗಳು. ಲೇಖನಾನೇ ಬರೆದಿದೀನಿ."

ಆ ಲೇಖನದಿಂದಲೇ ಅಧ್ಯಕ್ಷಗಿರಿ ದಕ್ಕಿತ್ತು. ಅದು ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿತ್ತು. ಇನ್‌ಸ್ಪೆಕ್ಟರಮ್ಮ ಎರಡು ಸಾಲು ಓದಿ ಸಾಕು ಮಾಡಿದರು.

"ಬಿಳಿ ಮಾಡೋದು ಹೇಗಮ್ಮ?" ಎಂದು ರಿಪೇರಿಯವಳನ್ನು ಕೇಳಿದರು.

"ಸಲೂನ್‌ನವರು ಕೂದಲಿನ ಬಣ್ಣ ತೆಗೆಯೋಕೆ ಹಚ್ತಾರಲ್ಲ, ಆ ಕ್ರೀಮು. ಬಳಿದು, ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಬಿಸಿಲಿಗಿಡ್ತಾರೆ. ನಾನು ಮಾಡಲ್ಲ. ಕ್ರೀಮು ಒಣಗಿದ ಕಡೆ ಪಟ್ಟೆ ಬೀಳುತ್ತೆ. ಹಳೇ ಪ್ಲಾಸ್ಟಿಕ್ಕು ಮೊದಲೇ ಪೆಡಸು, ಒತ್ತಿದ್ರೆ ಬಿಸ್ಕತ್ತಿನ ಹಾಗೆ ಮುರಿಯುತ್ತೆ."

"ಈ ಮನೇಲಿ ಇನ್ಯಾರಿದಾರೆ?"

"ನಾನೊಬ್ಬನೇ," ಎಂದರು ಅಧ್ಯಕ್ಷರು. "ಹೆಂಡತಿ ಬಿಟ್ಟುಹೋಗಿ ಆರು ವರ್ಷ. ಯಾರೂ ಬರಲ್ಲ, ಹೋಗಲ್ಲ."

ಇನ್‌ಸ್ಪೆಕ್ಟರಮ್ಮನಿಗೆ ಅದರಲ್ಲೇನೂ ಆಶ್ಚರ್ಯ ಕಾಣಲಿಲ್ಲ. ಕೈ ತೊಳೆಯಲೆಂದು ಬಚ್ಚಲಿಗೆ ಹೋದರು. ಕನ್ನಡಿಯ ಕೆಳಗೆ ಸೋಪು, ಬ್ರಷ್ಷು, ಅರ್ಧ ಖಾಲಿಯಾದ ದೊಡ್ಡದೊಂದು ಬಾಟಲಿ. ಬಾಟಲಿಯ ಚೀಟಿ ಓದಿ ಹೊರಗೆ ಬಂದರು.

"ತಾರಸಿಗೆ ದಾರಿ ಯಾವುದು?"

"ಅಲ್ಲೇನಿದೆ? ನೀರಿನ ಟ್ಯಾಂಕು—"

"ಬಿಸಿಲಿದೆ."

ಟ್ಯಾಂಕಿನ ಹಿಂದೆ, ಮಗುಚಿಟ್ಟ ಬಕೆಟ್ಟಿನಡಿ ಕನ್ಸೋಲ್ ಸಿಕ್ಕಿತು. ಅಲ್ಲಲ್ಲಿ ಬಿಳಿ, ಅಲ್ಲಲ್ಲಿ ಹಳದಿ, ಮೈತುಂಬ ಪಟ್ಟೆ. ಮೇಲಿನ ಭಾಗ ಎರಡು ತುಂಡು.

"ಬಚ್ಚಲಲ್ಲಿರೋದು ಕೂದಲಿನ ಬಣ್ಣ ತೆಗೆಯೋ ಕ್ರೀಮು," ಎಂದರು ಇನ್‌ಸ್ಪೆಕ್ಟರಮ್ಮ. "ಮನೇಲಿರೋದು ನೀವೊಬ್ರೇ. ನಿಮ್ಮ ತಲೇಲಿ ಒಂದು ಎಳೆ ಇಲ್ಲ. ಅರ್ಧ ಬಾಟಲಿ ಯಾವ ಕೂದಲಿಗೆ ಹಚ್ಚಿದ್ರಿ ಸ್ವಾಮಿ?"

ಅಧ್ಯಕ್ಷರು ಪಟ್ಟೆ ಬಿದ್ದ ತುಂಡೊಂದನ್ನು ಸವರುತ್ತ, "ಕೊಂಡ ದಿನ ಹೇಗಿತ್ತೋ ಹಾಗೆ ಒಂದ್ಸಲ ನೋಡ್ಬೇಕು ಅನಿಸ್ತು. ಮೊದಲು ಮೂಲೆಗಷ್ಟೇ ಹಚ್ಚಿದ್ದೆ," ಎಂದರು.

"ಊರಿಗೆಲ್ಲ ಪಾಠ ಹೇಳಿ, ನೀವೇ ಕದ್ದುಮುಚ್ಚಿ ಬಳಿದ್ರಿ. ಮುರೀತು. ಮಾನ ಉಳಿಸ್ಕೊಳ್ಳೋಕೆ ಒಬ್ಬ ಹೆಣ್ಣುಮಗಳ ಅನ್ನಕ್ಕೆ ಕಲ್ಲು ಹಾಕಿದ್ರಿ. ನಾನು ಹಿಡಿದ ಜೇಬುಗಳ್ಳರಿಗೆ ಇದಕ್ಕಿಂತ ನಾಚಿಕೆ ಇತ್ತು."

ಅಧ್ಯಕ್ಷರು ರಿಪೇರಿಯವಳತ್ತ ತಿರುಗಿದರು. "ಅಂಟಿಸೋಕಾಗುತ್ತೇನಮ್ಮ? ಯಾರಿಗೂ ಗೊತ್ತಾಗದ ಹಾಗೆ?"

ಅವಳು ತುಂಡುಗಳನ್ನು ಮುಟ್ಟಲಿಲ್ಲ. "ಮೊದಲು ಹನ್ನೊಂದು ಜನಕ್ಕೂ ಫೋನ್ ಮಾಡಿ. ನನ್ನೆದುರಿಗೆ. ಸ್ಪೀಕರ್ ಹಾಕಿ."

ಮೊದಲ ಕರೆ ಹೋಯಿತು.

"ಕನ್ಸೋಲ್ ಸಿಕ್ತು," ಎಂದರು ಅಧ್ಯಕ್ಷರು.

"ಅವಳ ಹತ್ತಿರಾನೇ ತಾನೆ?" ಎಂದಿತು ಆ ಕಡೆಯ ದನಿ.

ಅಧ್ಯಕ್ಷರು ಇನ್‌ಸ್ಪೆಕ್ಟರಮ್ಮನನ್ನು ನೋಡಿದರು. ಆಕೆ ಬೇರೆ ಕಡೆ ನೋಡಲಿಲ್ಲ.

"ಅಲ್ಲ. ನಾನೇ ಮುರಿದೆ. ನಾನೇ ಬಚ್ಚಿಟ್ಟೆ."

"ಇನ್ನು ಹತ್ತು," ಎಂದಳು ರಿಪೇರಿಯವಳು.