ಒಡೆಯಬಾರದಿದ್ದ ಕೈ

ಶನಿವಾರ ಬೆಳಿಗ್ಗೆ ಕುವಾಂಗ್ ಅಕ್ಕ ತನ್ನ ವರ್ಕ್‌ಶಾಪಿಗೆ ಬರುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ಗಾಜಿನ ಕಪಾಟು ಒಡೆದಿತ್ತು. ಅದರೊಳಗೆ ಬೀಗ ಹಾಕಿಟ್ಟಿದ್ದ ಕೈ — ಅಲ್ಯೂಮಿನಿಯಂನಲ್ಲಿ ಕಡೆದ ಹೆಣ್ಣಿನ ಬಲಗೈ — ಕಬ್ಬಿಣದ ಮೇಜಿನ ಮೇಲೆ ಚೂರುಚೂರಾಗಿ ಬಿದ್ದಿತ್ತು. ಪಕ್ಕದಲ್ಲೇ ಸುತ್ತಿಗೆ.

ಸುತ್ತಿಗೆಯ ಹಿಡಿಗೆ ಕೆಂಪು ಟೇಪು ಸುತ್ತಿತ್ತು. ಅದು ಪೆಂಗ್‌ಳದು ಎಂದು ಅಲ್ಲಿ ಎಲ್ಲರಿಗೂ ಗೊತ್ತು.

ಚಾಂಗ್‌ಆನ್ ಪಟ್ಟಣದ ಠಾಣೆಯಿಂದ ನಾವಿಬ್ಬರು ಹೋದೆವು. ನಿಂಗ್ ಮೇಡಂ ಮತ್ತು ಅವರ ಜೊತೆಗಾರನಾದ ನಾನು. ವಸಂತದ ಹಸಿ ದಿನಗಳು. ಗೋಡೆ ಬೆವರುತ್ತಿತ್ತು, ನೆಲ ಬೆವರುತ್ತಿತ್ತು, ಒಗೆದ ಬಟ್ಟೆ ವಾರ ಕಳೆದರೂ ಮುಗ್ಗುವಾಸನೆ ಬಿಡುತ್ತಿರಲಿಲ್ಲ. ಆ ಗಲ್ಲಿಯ ತುಂಬ ಇಂಥವೇ ವರ್ಕ್‌ಶಾಪುಗಳು. ಫೋನಾಗಲಿ, ಕೆಟಲ್ಲಾಗಲಿ, ಕ್ಷೌರದ ಯಂತ್ರವಾಗಲಿ, ಕಾರ್ಖಾನೆ ಅದನ್ನು ಲಕ್ಷಗಟ್ಟಲೆ ತಯಾರಿಸುವ ಮೊದಲು ಒಂದೇ ಒಂದು ಮಾದರಿ ಇಲ್ಲಿ ಹುಟ್ಟುತ್ತದೆ. ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಕಟರ್ ಓಡಿ ಲೋಹದ ಗಟ್ಟಿಯನ್ನು ಕಡೆಯುತ್ತದೆ. ಆಮೇಲೆ ಮನುಷ್ಯರೊಬ್ಬರು ಕೂತು, ಕಟರ್ ಬಿಟ್ಟ ಗೆರೆಗಳನ್ನೆಲ್ಲ ಉಪ್ಪುಕಾಗದದಿಂದ ಉಜ್ಜಿ ಅಳಿಸಬೇಕು.

ಕುವಾಂಗ್ ಅಕ್ಕನ ಬಳಿ ಇದ್ದದ್ದು ಇಬ್ಬರೇ ಕೆಲಸದವರು. ಮೆಷಿನ್ ನಡೆಸುವವಳು ಪೆಂಗ್. ಹುನಾನಿನವಳು, ಖಾರದ ಬಾಯಿ. ಉಜ್ಜುವವರು ರಾನ್ ಮೇಸ್ತ್ರಿ. ಗ್ವಿಝೌ ಬೆಟ್ಟದ ಕಡೆಯವರು, ಐವತ್ತು ದಾಟಿದವರು, ಮಾತು ಕಮ್ಮಿ. ಉಜ್ಜಿ ಉಜ್ಜಿ ಅವರ ಬೆರಳಿನ ಗೆರೆಗಳೇ ಸವೆದುಹೋಗಿದ್ದವು.

ನಾವು ಹೋದಾಗ ಒಳಗೆ ನಾಲ್ಕನೆಯವನೂ ಇದ್ದ. ಗುವಾನ್. ಆ ಕೈಯನ್ನು ಕಂಪ್ಯೂಟರಿನಲ್ಲಿ ಬರೆದ ಇಂಜಿನಿಯರ್. ಸೋಮವಾರ ಶಾಂಘೈಯ ಪ್ರದರ್ಶನಕ್ಕೆ ಅದನ್ನು ಒಯ್ಯಬೇಕಿತ್ತು. ಆತ ಬಾಗಿಲಲ್ಲೇ ನಮ್ಮನ್ನು ತಡೆದು, ಹುಡುಕೋದೇನೂ ಬೇಡ, ಪೆಂಗ್‌ಳನ್ನು ಕರ್ಕೊಂಡು ಹೋಗಿ ಅಂದ.

ಕಾರಣ ಇತ್ತು. ಶುಕ್ರವಾರ ಬೆಳಿಗ್ಗೆ, ಹೆಬ್ಬೆರಳ ಬುಡದಲ್ಲಿ ಕಟರಿನ ಗೀರು ಉಳಿದಿದೆ ಎಂದು ಗುವಾನ್ ಅವಳನ್ನು ಎಲ್ಲರ ಎದುರು ಕತ್ತೆ ಎಂದು ಬೈದಿದ್ದ. ಅವಳು, "ನಿಮ್ಮ ಕೈ ನೀವೇ ಕಡ್ಕೊಳ್ಳಿ" ಎಂದು ಏಪ್ರನ್ ಬಿಸಾಡಿದ್ದಳು. ಎದುರಿನ ವರ್ಕ್‌ಶಾಪಿನಲ್ಲಿ ಅವಳಿಗೆ ಕೆಲಸವೂ ನಿಕ್ಕಿಯಾಗಿತ್ತು. ಇದಕ್ಕಿಂತ ಕೆಟ್ಟದ್ದು ಗಲ್ಲಿಯ ಕ್ಯಾಮರಾ. ಸಂಜೆ ಎಲ್ಲರೂ ಹೋದ ಮೇಲೆ ಪೆಂಗ್ ಒಬ್ಬಳೇ ಮತ್ತೆ ಒಳಗೆ ಹೋಗಿ ಹೊರಗೆ ಬಂದಿದ್ದಳು. ಅವಳ ನಂತರ ಬೆಳಗಿನವರೆಗೆ ಯಾರೂ ಇಲ್ಲ. ಬೆಳಿಗ್ಗೆ ಬಂದವರು ರಾನ್ ಮೇಸ್ತ್ರಿ. ದಿನವೂ ಅವರೇ ಬಾಗಿಲು ತೆಗೆದು ಚಹಾಕ್ಕೆ ನೀರು ಇಡುವುದು. ಸ್ವಲ್ಪ ಹೊತ್ತಿಗೆ ಕುವಾಂಗ್ ಅಕ್ಕ.

ಹೊರಬಾಗಿಲ ಕೀಲಿ ಮೂವರ ಹತ್ತಿರವೂ ಇತ್ತು. ಕಪಾಟಿನ ಕೀಲಿ ಅಕ್ಕ ಮತ್ತು ಮೇಸ್ತ್ರಿ ಹತ್ತಿರ ಮಾತ್ರ. ಕೀಲಿ ಇಲ್ಲದವರು ತಾನೇ ಗಾಜು ಒಡೆಯಬೇಕಾದದ್ದು?

ನನಗೆ ಅಲ್ಲಿಗೇ ಸಾಕೆನಿಸಿತ್ತು. ನಿಂಗ್ ಮೇಡಂ ಮಾತ್ರ ಸ್ಟೂಲ್ ಎಳೆದುಕೊಂಡು ಕೂತರು.

"ಯಾಕೆ ವಾಪಸ್ ಬಂದೆ?" ಎಂದು, ಅಕ್ಕ ಫೋನ್ ಮಾಡಿ ಕರೆಸಿದ್ದ ಪೆಂಗ್‌ಳನ್ನು ಕೇಳಿದರು.

"ಕೊಡೆ ಮರ್ತಿದ್ದೆ."

"ಕೊಡೆ ತಗೊಂಡು ಹೋದೆಯಾ?"

"ಹ್ಞೂಂ. ಹೋಗೋ ಮುಂಚೆ ಕೈ ನೋಡಿದೆ. ನಾನು ಕಡೆದದ್ದು ಅಲ್ವಾ. ಇನ್ನು ನೋಡೋಕೆ ಸಿಗಲ್ಲ ಅನ್ನಿಸ್ತು."

"ಹೇಗಿತ್ತು?"

"ಮಂಕಾಗಿತ್ತು. ಇಡೀ ವಾರ ಬೆಳ್ಳಿ ಥರ ಇತ್ತು. ನಿನ್ನೆ ಸಂಜೆ ಮಾತ್ರ ಬೂದಿ ಬಳ್ದಂಗೆ. ಈ ಹಾಳು ಹವಾಕ್ಕೆ ಹಂಗಾಗಿದೆ ಅಂದ್ಕೊಂಡೆ."

ಗುವಾನ್ ನಕ್ಕ. "ಕಥೆ ಕಟ್ತಾಳೆ."

"ನೀವು ಸುಮ್ನಿರಿ," ಎಂದರು ಮೇಡಂ. "ಅದು ಯಾರ ಕೈ?"

"ಅಂದ್ರೆ?"

"ಆಕಾರ ಯಾರದ್ದು? ಯಾರನ್ನ ನೋಡಿ ಬರೆದ್ರಿ?"

ಗುವಾನ್ ಮುಖ ತಿರುಗಿಸಿದ. ಉತ್ತರ ಕೊಟ್ಟವರು ಕುವಾಂಗ್ ಅಕ್ಕ. ರಾನ್ ಮೇಸ್ತ್ರಿಯ ಮಗಳು ಛುನ್ ತಗಡು ಒತ್ತುವ ಪ್ರೆಸ್ಸಿನಲ್ಲಿ ಬಲಗೈ ಕಳೆದುಕೊಂಡವಳು. ಅವಳ ಎಡಗೈಯನ್ನು ಅಳೆದು, ಕಂಪ್ಯೂಟರಿನಲ್ಲಿ ಕನ್ನಡಿಯಂತೆ ತಿರುಗಿಸಿ ಈ ಬಲಗೈಯನ್ನು ಬರೆದದ್ದು. ಇದು ಕೃತಕ ಕೈಯ ಮಾದರಿ, ತೋರಿಸಲಿಕ್ಕೆ ಮಾತ್ರ, ಬೆರಳು ಆಡುವುದಿಲ್ಲ. ಮುಂದೆ ಆಡುವ ಕೈ ಬಂದಾಗ ಮೊದಲನೆಯದು ಛುನ್‌ಗೇ ಎಂದು ಗುವಾನ್ ಮಾತು ಕೊಟ್ಟಿದ್ದನಂತೆ. ಈ ವಾರ ಆ ಮಾತು ಬದಲಾಗಿತ್ತು. ಶಾಂಘೈಯವರಿಗೆ ಟಿವಿಯಲ್ಲಿ ಚೆನ್ನಾಗಿ ಕಾಣುವ ಬೇರೆ ಹುಡುಗಿ ಬೇಕಾಗಿದ್ದಳು. ಛುನ್ ಬೇಕಿರಲಿಲ್ಲ, ಅವಳ ಕೈ ಸಾಕಿತ್ತು. ಅದನ್ನು ಪ್ರದರ್ಶನದ ಗಾಜಿನ ಕಿಟಕಿಯಲ್ಲಿ ನಿಲ್ಲಿಸುವವರಿದ್ದರು.

"ಇದನ್ನ ಮೇಸ್ತ್ರಿಗೆ ಯಾವಾಗ ಹೇಳಿದ್ರಿ?"

"ಗುರುವಾರ," ಎಂದ ಗುವಾನ್. "ಇದೆಲ್ಲ ವ್ಯವಹಾರ ಮೇಡಂ. ಅವ್ರೇನೂ ಬೇಜಾರು ಮಾಡ್ಕೊಳ್ಳಲಿಲ್ಲ."

ಕುವಾಂಗ್ ಅಕ್ಕ ನನ್ನ ಕಡೆ ವಾಲಿ ಮೆಲ್ಲಗೆ ಹೇಳಿದರು: "ಮೇಸ್ತ್ರಿ ಮೇಲೆ ಅನುಮಾನ ಬೇಡ. ತನ್ನ ಮಗಳ ಕೈಯನ್ನ ತಾನೇ ಯಾರಾದ್ರೂ ಸುತ್ತಿಗೇಲಿ ಜಜ್ತಾರಾ?"

ಆ ಮಾತು ಮೇಡಂ ಕಿವಿಗೂ ಬಿತ್ತು. ಅವರು ರಾನ್ ಮೇಸ್ತ್ರಿಯನ್ನು ಕರೆದರು.

"ನೀವು ಬಂದಾಗಲೇ ಒಡೆದಿತ್ತಾ?"

"ಒಡೆದಿತ್ತು."

"ಚೂರು ಎಲ್ಲಿ?"

"ಗುಡಿಸಿದೆ. ಕಾಲಿಗೆ ಗಾಜು ಚುಚ್ಚಬಾರದಲ್ಲ."

"ಗಾಜು ನೆಲದ ಮೇಲೆ. ಕೈ ಚೂರು ಮೇಜಿನ ಮೇಲಿತ್ತು ಅಂತಾರೆ ಅಕ್ಕ."

ಅಕ್ಕ ಠಾಣೆಗೆ ಫೋನ್ ಮಾಡುತ್ತ ನಿಂತಿದ್ದಾಗ ಮೇಸ್ತ್ರಿ ಅದನ್ನೂ ಬಳಿದು ಗುಜರಿ ಚೀಲಕ್ಕೆ ತುಂಬಿದ್ದರು. ಮಧ್ಯಾಹ್ನ ಗುಜರಿ ಗಾಡಿ ಬರುವುದಿತ್ತು. ಮೇಡಂ ಹೇಳಿದ್ದಕ್ಕೆ ನಾನು ಚೀಲ ತಂದು ಮೇಜಿನ ಮೇಲೆ ಸುರಿದೆ. ಒಂದು ತುಂಡು ಕಿರುಬೆರಳು. ಉಗುರಿನ ತುದಿಯವರೆಗೆ ಎಷ್ಟು ನಯವಾಗಿ ಉಜ್ಜಿದ್ದರೆಂದರೆ ಮುಟ್ಟಲು ಮುಜುಗರವಾಯಿತು.

ಮೇಡಂ ಒಂದೊಂದೇ ಚೂರು ಎತ್ತಿ, ನಯವಾದ ಮೈ ಬಿಟ್ಟು, ಮುರಿದ ಮುಖವನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು, ಈ ಕೈ ವರ್ಕ್‌ಶಾಪು ಬಿಟ್ಟು ಹೊರಗೆ ಎಂದಾದರೂ ಹೋಗಿತ್ತೇ ಎಂದು ಅಕ್ಕನನ್ನು ಕೇಳಿದರು. ಒಂದೇ ಸಲ ಎಂದರು ಅಕ್ಕ. ವಾರದ ಮೊದಲಿಗೆ, ಕರೆ ಹಿಡಿಯದಂತೆ ಮೇಲ್ಮೈಗೆ ಲೇಪ ಹಾಕಿಸಲು ಮೇಸ್ತ್ರಿ ಸ್ಕೂಟರಿನಲ್ಲಿ ಒಯ್ದಿದ್ದರು. ಅಲ್ಲಿ ಕೆಲಸದ ಗದ್ದಲವಿತ್ತೆಂದು ತಂದದ್ದು ಮರುದಿನ.

ಮೇಡಂ ಹೊರಗೆ ಹೋಗಿ ಲೇಪದ ಅಂಗಡಿಗೆ ಫೋನ್ ಮಾಡಿ ಬಂದರು. ಬಂದವರೇ ಪೆಂಗ್‌ಗೆ ಹೇಳಿದರು: "ಆ ಕೈ ಕಡೆದ ಗಟ್ಟಿಯಲ್ಲಿ ಉಳಿದ ತುಂಡು ಇದೆಯಾ? ಬೆರಳಿನಷ್ಟು ದಪ್ಪದ್ದು?"

ಅವಳು ಹುಡುಕಿ ತಂದಳು.

"ಇಟ್ಟು ಹೊಡಿ. ಜೋರಾಗಿ."

ಪೆಂಗ್ ಹೊಡೆದಳು. ತುಂಡು ಸೊಟ್ಟಗಾಯಿತು. ಮತ್ತೆ ಹೊಡೆದಳು. ಚಪ್ಪಟೆಯಾಯಿತು. ಮೂರನೆಯ ಏಟಿಗೆ ಇನ್ನಷ್ಟು ಬಾಗಿತು. ಒಡೆಯಲಿಲ್ಲ. ಪೆಂಗ್ ಸುತ್ತಿಗೆ ಇಳಿಸಿ, ಮೇಜಿನ ಮೇಲಿದ್ದ ಚೂರುಗಳನ್ನು ಮೊದಲ ಸಲ ಸರಿಯಾಗಿ ನೋಡಿದಳು.

"ನಾವೆಲ್ಲ ಕೈ ಒಡೆದವರು ಯಾರು ಅಂತ ಹುಡುಕ್ತಾ ಇದ್ವಿ," ಎಂದರು ನಿಂಗ್ ಮೇಡಂ. "ಕೈ ಒಡೆದೇ ಇಲ್ಲ. ಪೆಂಗ್ ಕಡೆದ ಕೈ ಹೀಗೆ ಒಡೆಯೋದಿಲ್ಲ, ಬಾಗುತ್ತೆ, ನೆಗ್ಗುತ್ತೆ. ಇದು ಬಿಸ್ಕತ್ತಿನ ಹಾಗೆ ಮುರಿದಿದೆ. ಮುರಿದ ಕಡೆ ಸಕ್ಕರೆ ಹರಳಿನಂತೆ ತರಿ, ನಡುವೆ ಸಣ್ಣ ಸಣ್ಣ ಗುಳ್ಳೆ. ನಮ್ಮಪ್ಪ ಫೋಶಾನ್‌ನಲ್ಲಿ ಪಾತ್ರೆ ಎರಕ ಹೊಯ್ತಿದ್ರು. ಕಾದ ಲೋಹವನ್ನ ಅಚ್ಚಿಗೆ ಸುರಿದಾಗ ಒಳಗೆ ಗಾಳಿ ಸಿಕ್ಕೊಂಡ್ರೆ ಇಂಥ ಗುಳ್ಳೆ ಬರುತ್ತೆ. ಇದು ಕಡೆದ ಕೈ ಅಲ್ಲ, ಎರಕದ ಕೈ. ನಿಜವಾದ ಕೈ ಮುಂದಿಟ್ಟು ಅಚ್ಚು ತೆಗೆದು ಮಾಡಿದ ನಕಲು. ಅದಕ್ಕೂ ಲೇಪ ಹಾಕಿಸಿದ್ದಾರೆ, ಆದ್ರೆ ಎರಕದ್ದಕ್ಕೆ ಲೇಪ ಸರಿಯಾಗಿ ಹತ್ತೋದಿಲ್ಲ. ಶುಕ್ರವಾರ ಸಂಜೆ ಪೆಂಗ್ ಕಂಡದ್ದು ಆ ಮಂಕು."

ಮೇಡಂ ರಾನ್ ಮೇಸ್ತ್ರಿಯ ಕಡೆ ತಿರುಗಿದರು.

"ಅಚ್ಚು ತೆಗೆಯೋಕೆ ನಿಜವಾದ ಕೈ ಒಂದು ರಾತ್ರಿಯಾದ್ರೂ ಹೊರಗಿರಬೇಕು. ಇತ್ತು. ಲೇಪದ ಅಂಗಡಿಯವರು ಅವತ್ತು ಸಂಜೆನೇ ಕೈ ವಾಪಸ್ ಕೊಟ್ಟಿದ್ದಾರೆ. ಗದ್ದಲ ಏನೂ ಇರಲಿಲ್ಲ. ನಕಲನ್ನ ಗುರುತು ಸಿಗದ ಹಾಗೆ ಉಜ್ಜೋ ಕೈಚಳಕ ಇಲ್ಲಿ ಒಬ್ಬರಿಗೇ ಇದೆ. ಕಪಾಟಿನ ಕೀಲಿ ಇದ್ದವರು ನಿನ್ನೆ ಹೊರಡೋವಾಗ ಅದಲು ಬದಲು ಮಾಡಿದ್ರು. ಕೈ ಕಳುವಾಗಿದೆ ಅಂತ ಯಾರೂ ಹುಡುಕದಿರಲಿ ಅಂತ ಬೆಳಿಗ್ಗೆ ಬಂದು ನಕಲನ್ನ ಜಜ್ಜಿದ್ರು. ಕೀಲಿ ಇಲ್ಲದವರ ಕೆಲಸ ಅನ್ನಿಸಲಿ ಅಂತ ಗಾಜು ಒಡೆದ್ರು. ಯಾರೂ ಮುರಿದ ಮುಖ ನೋಡಬಾರದು ಅಂತ ಆತುರದಲ್ಲಿ ಗುಡಿಸಿದ್ರು. ಅಲ್ವಾ, ರಾನ್ ಮೇಸ್ತ್ರಿ?"

ರಾನ್ ಮೇಸ್ತ್ರಿ ಕೈ ಒರೆಸುವ ಬಟ್ಟೆಯನ್ನು ಮಡಿಸಿ ಮೇಜಿನ ಅಂಚಿಗೆ ಇಟ್ಟರು. "ಹೌದು," ಎಂದರು.

ಕುವಾಂಗ್ ಅಕ್ಕ, ಕೇಳಿದ್ದರೆ ಇನ್ನೊಂದು ಕಡೆದು ಕೊಡುತ್ತಿದ್ದೆನಲ್ಲ, ಮೆಷಿನ್ನಿನಲ್ಲಿ ಎಲ್ಲ ಹಾಗೇ ಇದೆಯಲ್ಲ ಎಂದು ಹಲುಬಿದರು. ಮೇಸ್ತ್ರಿಗೆ ಅದು ಗೊತ್ತಿತ್ತು, ಆದರೆ ಕೇಳಲು ಬಾಯಿ ಬರಲಿಲ್ಲ. ಮೊದಲು ಕದಿಯುವ ಯೋಚನೆಯೇ ಅವರಿಗಿರಲಿಲ್ಲ. ಹೆಂಡತಿಯ ತಮ್ಮನ ಎರಕದ ಶೆಡ್ಡಿನಲ್ಲಿ ನಕಲು ಮಾಡಿಸಿದ್ದೇ ಮಗಳಿಗೆಂದು. ಆಡದಿದ್ದರೂ ತೋಳಿನ ತುದಿಗೆ ಒಂದು ಕೈ ಇರಲಿ ಎಂದು. ನಕಲು ಚೆನ್ನಾಗಿ ಬರಲಿಲ್ಲ. ಅಷ್ಟರಲ್ಲಿ ಗುರುವಾರ ಬಂತು.

"ನಕಲನ್ನೇ ಕೊಡಬಹುದಿತ್ತಲ್ಲ?" ಎಂದು ನಾನೇ ಕೇಳಿದೆ.

"ಅದು ಕೆಳಗೆ ಬಿದ್ರೆ ಒಡೀತದೆ ಸರ್. ಅವಳ ಕೈ ಒಂದು ಸಲ ಹೋದದ್ದು ಸಾಕು." ಮೇಜಿನ ಮೇಲಿದ್ದ ಕಿರುಬೆರಳನ್ನು ಸರಿಸಿ ಹೇಳಿದರು: "ದಿನಗಟ್ಟಲೆ ಉಜ್ಜಿದ್ದೀನಿ. ಆ ಗೆಣ್ಣು, ಆ ಉಗುರು, ಎಲ್ಲ ನನ್ನ ಮಗಳದ್ದೇ. ಅದನ್ನ ಕಿಟಕೀಲಿ ಇಟ್ಟು ಕಂಡೋರೆಲ್ಲ ನೋಡೋದು ನನ್ನಿಂದ ಆಗಲಿಲ್ಲ."

"ಮತ್ತೆ ನಾನು?" ಎಂದಳು ಪೆಂಗ್. ಅವಳ ದನಿ ಏರಲಿಲ್ಲ. "ನಂಗೂ ಅಮ್ಮ ಇದ್ದಾಳೆ ಮೇಸ್ತ್ರಿ. ನಾನು ಜೈಲಿಗೆ ಹೋಗಿದ್ರೆ?"

"ಕೈಗೆ ಸಿಕ್ಕ ಸುತ್ತಿಗೆ ತಗೊಂಡೆ, ತಂಗಿ. ನಿಂದು ಅಂತ ನೋಡಲಿಲ್ಲ."

"ಆಮೇಲೆ ನೋಡಿದ್ರಲ್ಲ. ಸುಮ್ನೆ ನಿಂತಿದ್ರಿ."

ಮೇಸ್ತ್ರಿ ತಲೆ ತಗ್ಗಿಸಿ ನಮ್ಮ ಜೊತೆ ಬಂದರು.

ಕೈ ಅವರ ಬಾಡಿಗೆ ಕೋಣೆಯಲ್ಲಿ, ಅಕ್ಕಿಯ ಡಬ್ಬದೊಳಗೆ ಸಿಕ್ಕಿತು. ಮಗಳಿಗೆ ತೋರಿಸಲು ಅವರಿಗೆ ಇನ್ನೂ ಧೈರ್ಯ ಬಂದಿರಲಿಲ್ಲ. ನಾವು ಅದನ್ನು ಸಾಕ್ಷಿಗೆಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟುವಾಗ ಛುನ್ ತನ್ನ ಎಡಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನಿಂತಿದ್ದಳು.

ಭಾನುವಾರ ಮೆಷಿನ್ ಇನ್ನೊಂದು ಕೈ ಕಡೆಯಿತು. ಅಕ್ಕನ ಮುಖ ನೋಡಿ ಪೆಂಗ್ ಆ ಒಂದು ದಿನ ನಿಂತಳು, ಉಜ್ಜಿದ್ದು ಅಕ್ಕನೇ. ಗುವಾನ್ ಅದನ್ನು ಹೊತ್ತು ಶಾಂಘೈಗೆ ಹೋದ. ಯಾರ ಕ್ಷಮೆಯನ್ನೂ ಅವನು ಕೇಳಲಿಲ್ಲ. ಪೆಂಗ್ ಎದುರಿನ ವರ್ಕ್‌ಶಾಪಿಗೆ ಸೇರಿದಳು. ಕದ್ದದ್ದು ಬೆಲೆಬಾಳುವ ವಸ್ತುವಾದ್ದರಿಂದ ರಾನ್ ಮೇಸ್ತ್ರಿಗೆ ಜೈಲು ಶಿಕ್ಷೆಯಾಯಿತು.

ಬೇಸಿಗೆ ಕಳೆಯುವ ಹೊತ್ತಿಗೆ ಗುವಾನ್ ಹೊಸ ವಿನ್ಯಾಸಕ್ಕೆ ಹೋಗಿದ್ದ. ಸಾಕ್ಷಿಗೆ ಇಟ್ಟಿದ್ದ ಕೈ ತನಗೆ ಬೇಡ, ಬಿಸಾಡಿ ಎಂದು ತಿಳಿಸಿದ. ನಿಂಗ್ ಮೇಡಂ ಬಿಸಾಡಲಿಲ್ಲ. ಒಂದು ಭಾನುವಾರ ನನ್ನನ್ನು ಕರೆದುಕೊಂಡು ಛುನ್‌ಳ ಕೋಣೆಗೆ ಹೋದರು.

ಅವಳು ಬಾಗಿಲಲ್ಲೇ ಚೀಲ ಬಿಚ್ಚಿ ನೋಡಿದಳು. ಬೆಳ್ಳಿಯಂಥ ಬೆರಳುಗಳನ್ನು ಒಮ್ಮೆ ಸವರಿದಳು. ಕೂದಲು ಕೆದರಿ ಹೆಗಲ ಮೇಲೆ ಬಿದ್ದಿತ್ತು.

"ನಂಗೆ ದಿನಾ ಜಡೆ ಹಾಕ್ತಿದ್ದಿದ್ದು ಅಪ್ಪ," ಎಂದಳು. "ಈ ಕೈಗೆ ಬರುತ್ತಾ, ಮೇಡಂ?"

ನಿಂಗ್ ಮೇಡಂ ಕೈಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಗೋಡೆಗೆ ನೇತುಹಾಕಿದ್ದ ಬಾಚಣಿಗೆ ತೆಗೆದುಕೊಂಡು, ಅವಳನ್ನು ತಿರುಗಿಸಿ ಕೂರಿಸಿದರು.