ಬರಿಗೈಯ ವಿಭೂತಿ

ಇದು ತೊಂಬತ್ತೇಳರಲ್ಲಿ, ನಾನು ನಂಜನಗೂಡಿನ ಪಕ್ಕದ ತಾಂಡ್ಯದ ಒಂದು ಪ್ರಯೋಗಾಲಯದಲ್ಲಿದ್ದಾಗ ನಡೆದದ್ದು. ಎರಡು ವೈರಸ್‌ಗಳು ಬೆರೆತು ಒಂದಾದ ಮಿಶ್ರ ವೈರಸ್ಸನ್ನು ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಗಳಿಗೆ ಚುಚ್ಚುತ್ತಿದ್ದೆವು. ಒಳ್ಳೆಯ ಜೀವಕೋಶಗಳು ಗಾಜಿನ ತಟ್ಟೆಯಲ್ಲಿ ಬೆಳೆದು, ಒಂದನ್ನೊಂದು ಮುಟ್ಟಿದೊಡನೆ ನಿಲ್ಲುತ್ತವೆ. ಈ ವೈರಸ್ ಹೊಕ್ಕವು ನಿಲ್ಲದೆ ಒಂದರ ಮೇಲೊಂದು ಹತ್ತುತ್ತವೆ. ಪ್ರಾಣಿಯ ಮೈಯಲ್ಲಿ ಅದೇ ಗಡ್ಡೆ.

ಪ್ರಾಣಿಗಳನ್ನು ನೋಡಿಕೊಳ್ಳುತ್ತಿದ್ದ ಕಲ್ಲಯ್ಯ, ಗಡ್ಡೆಯ ಪರೀಕ್ಷೆಗೆಂದು ಕೊಲ್ಲುವ ಮುನ್ನ ಪ್ರತಿಯೊಂದರ ಹಣೆಗೂ ಬರಿಗೈಯಲ್ಲೇ ವಿಭೂತಿ ಹಚ್ಚುತ್ತಿದ್ದ. ಗ್ಲೌಸ್ ಹಾಕಿಕೋ ಎಂದರೆ, “ರಬ್ಬರ್ ಬೆರಳಲ್ಲಿ ಇಕ್ಕುದ್ರೆ ಸಿವ ಒಪ್ತಾನಾ ಮೇಡಮ್ಮಾರೇ?” ಎಂದು ನಗುತ್ತಿದ್ದ.

ಒಂದು ಮಧ್ಯಾಹ್ನ ಗಡ್ಡೆ ಹೊತ್ತ ಪ್ರಾಣಿ ಅವನ ಹೆಬ್ಬೆರಳನ್ನು ಕಚ್ಚಿ ಹಿಡಿಯಿತು. ನಾನು ಅದರ ಕತ್ತು ಮುರಿದೆ. ಹಲ್ಲು ಸಡಿಲವಾಗಲಿಲ್ಲ. ಕತ್ತರಿಯಿಂದ ತಲೆ ಕತ್ತರಿಸಿ, ದವಡೆ ಸೀಳಿ ಬೆರಳು ಬಿಡಿಸಿದೆ. ಮುಂಡ ತಣ್ಣಗಾದ ಮೇಲೂ ಗಡ್ಡೆ ಬಿಸಿಯಾಗಿತ್ತು, ಒಂದೇ ಸಮನೆ ಮಿಡಿಯುತ್ತಿತ್ತು.

“ಜೀವ ಯಾವುದ್ರಲ್ಲಿತ್ತು, ಇಲೀಲೋ ಗಡ್ಡೇಲೋ?” ಎಂದ ಕಲ್ಲಯ್ಯ. ಆಮೇಲೆ ಮೆಲ್ಲಗೆ, “ನಂಗೂ ಇಂಗೇ ಆಯ್ತದಾ?”

“ಮನುಷ್ಯರಿಗೆ ಬರಲ್ಲ” ಎಂದೆ. ನನಗೇ ನಂಬಿಕೆ ಇರಲಿಲ್ಲ. ಅವನ ಗಾಯದಂಚಿನ ಚರ್ಮದ ಚೂರನ್ನು ತೆಗೆದು ತಟ್ಟೆಯಲ್ಲಿ ಬೆಳೆಸಿದೆ. ಹೋಲಿಸಿ ನೋಡಲು, ಆರೋಗ್ಯವಂತ ಮಾದರಿಯೆಂದು ನನ್ನ ಅಂಗೈಯ ಚರ್ಮದ ಚೂರನ್ನು ಇನ್ನೊಂದು ತಟ್ಟೆಯಲ್ಲಿಟ್ಟೆ. ಪ್ರಾಣಿಗಳ ಹತ್ತಿರ ನಾನು ಎಂದೂ ಗ್ಲೌಸ್ ಬಿಚ್ಚಿದವಳಲ್ಲ. ನನ್ನನ್ನು ಯಾವುದೂ ಕಚ್ಚಿರಲಿಲ್ಲ.

ಕೆಲವು ವಾರಗಳ ನಂತರ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಕಲ್ಲಯ್ಯನ ಕೋಶಗಳು ಒಂದನ್ನೊಂದು ಮುಟ್ಟಿ ನಿಂತಿದ್ದವು. ಬಾಗಿಲಲ್ಲಿ ಕಾಯುತ್ತಿದ್ದವನಿಗೆ, “ನಿನಗೇನೂ ಇಲ್ಲ, ಹೋಗು” ಎಂದೆ.

ನನ್ನವು ಒಂದರ ಮೇಲೊಂದು ಹತ್ತುತ್ತಿದ್ದವು.